ಚಿತ್ತಾರದ ನಳಿಗೆ, ಮೌನದ ಕೋವಿ
ಹಳೆಯ ಬೇಟೆಕೋವಿಗಳ ಸಂಗ್ರಾಹಕರು ಕಿರಿಯ ಬೋರಿನವುಗಳನ್ನು ಬಹಳ ಅರಸುವರು. ಒಂದು ಪೌಂಡು ಸೀಸವನ್ನು ಸಮನಾದ 28 ಗುಂಡುಗಳಾಗಿಸಿದರೆ, ಅಂಥ ಒಂದು ಗುಂಡಿನಷ್ಟು ಅಗಲದ ನಳಿಗೆಯೇ 28 ಬೋರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ 12 ಬೋರಿನವೇ ಹೆಚ್ಚು ತಯಾರಾದುದರಿಂದ ಈ ಕಿರುಕೋವಿಗಳು ಅಪೂರ್ವ. ಬೆಲ್ಜಿಯಮಿನ ಲಿಯೇಜ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪ್ರದೇಶಗಳ ಕಮ್ಮಾರರು ಕಬ್ಬಿಣ, ಉಕ್ಕುಗಳನ್ನು ಬೆಸೆದು, ಹುರಿಮಾಡಿ, ಸರಳಿಗೆ ಸುತ್ತಿ ಬಡಿದು ಡಮಾಸ್ಕಸ್ ನಳಿಗೆ ಮಾಡುತ್ತಿದ್ದರು. ಆಮ್ಲ ಸೋಕಿದಾಗ ಅದರ ಮೈಮೇಲೆ ಅಲೆಯಲೆಯಾದ ಚಿತ್ತಾರ ಮೂಡುವುದು.

ಆ ಚೆಲುವಿಗೆ ನಾವು ಮೈಮರೆಯಬಾರದು. ಇವುಗಳಲ್ಲಿ ಹೆಚ್ಚಿನವು ಕರಿಮದ್ದಿಗೆಂದು ಮಾಡಿದವು. ಇಂದಿನ ತೋಟೆ ಒಳಹೊಕ್ಕರೂ ಅದರ ಒತ್ತಡ ತಾಳದೆ ನಳಿಗೆ ಸಿಡಿಯಬಹುದು. ಬೆಸುಗೆಯೊಳಗಿನ ತುಕ್ಕು ಕಣ್ಣಿಗೆ ಕಾಣದು. ಉಜ್ಜಿ ಹೊಳಪಿಸಿದರೆ ಚಿತ್ತಾರವೂ ಅಳಿಯುವುದು. ಆದುದರಿಂದ ತೆಳುವಾಗಿ ಎಣ್ಣೆ ಸವರಿ ಕಾಪಾಡೋಣ, ನೋಡಿ ನಲಿಯೋಣ. ಹಾರಿಸುವುದು ಮಾತ್ರ ಬೇಡ.