ಮುಟ್ಟದೆ ಸುಡುವ ಲೇಸರ್‌ಗೇಕೆ ನಡುಕ?

ಮೇಜಿನ ಮೇಲೆ ಇಟ್ಟುಕೊಳ್ಳುವ ಸಣ್ಣ ಸಿಎನ್‌ಸಿ ಯಂತ್ರಕ್ಕೆ ನೀಲಿ ಡಯೋಡ್ ಲೇಸರ್ ಜೋಡಿಸಿದವರಿಗೆ ಮೊದಲ ದಿನವೇ ಒಂದು ಅಚ್ಚರಿ ಕಾದಿರುತ್ತದೆ. ಮರ ಕೊರೆಯುವ ಬಿಟ್ ನಡುಗಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅದು ಮರವನ್ನು ಒತ್ತುತ್ತದೆ, ಮರ ಅದನ್ನು ಹಿಂದಕ್ಕೆ ತಳ್ಳುತ್ತದೆ. ಲೇಸರ್ ಮರವನ್ನು ಮುಟ್ಟುವುದೇ ಇಲ್ಲ. ಆದರೂ ಸುಟ್ಟ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ: ಮೂಲೆ ತಿರುಗಿದ ಕೂಡಲೇ ಗೆರೆ ನಾಲ್ಕೈದು ಸಲ ಬಳುಕಿ, ಬಳುಕು ಸಣ್ಣದಾಗುತ್ತಾ ಹೋಗಿ, ಆಮೇಲೆ ನೆಟ್ಟಗಾಗಿರುತ್ತದೆ.

ತಳ್ಳುವವರಿಲ್ಲದಿದ್ದರೂ ಅಲುಗಿಸುವವರಿದ್ದಾರೆ. ಅದು ಯಂತ್ರವೇ. ಅಲ್ಯೂಮಿನಿಯಂ ಹೀಟ್ ಸಿಂಕು, ಫ್ಯಾನು ಹೊತ್ತ ಲೇಸರ್ ತಲೆ ಓಡುತ್ತಿದ್ದಾಗ ಮೋಟಾರು ಗಕ್ಕನೆ ನಿಲ್ಲಿಸಿದರೆ, ಜಡತ್ವದಿಂದ ತಲೆ ಮುಂದಕ್ಕೆ ವಾಲಿ, ಹಿಡಿದಿಟ್ಟ ಪಟ್ಟಿ ಬಾಗಿ, ವಾಪಸು ಚಿಮ್ಮುತ್ತದೆ. ಬಿಟ್ ಇದ್ದಾಗಲೂ ಇದೇ ಆಗುತ್ತಿತ್ತು. ಮೂರು ಮಿಲಿಮೀಟರ್ ಅಗಲದ ಕಚ್ಚಿನಲ್ಲಿ ಕೂದಲೆಳೆಯಷ್ಟು ಅಲುಗಾಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಷ್ಟೆ. ಲೇಸರ್ ಚುಕ್ಕೆಯ ಅಗಲ ಸುಮಾರು 0.1 ಮಿ.ಮೀ. ಯಂತ್ರದ ಗುಟ್ಟನ್ನೆಲ್ಲ ಅದು ಬರೆದಿಟ್ಟುಬಿಡುತ್ತದೆ.

ಹಾಗೆ ಬರೆದದ್ದನ್ನು ಓದಲೂ ಬಹುದು. ಹಲಗೆಯ ಮೇಲೆ ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಮಿ.ಮೀ.ನಂತೆ, ಒಂದು ಚೌಕ ಸುಡಿಸಿ. ಮೂಲೆಯಿಂದ ತುಸು ದೂರದಲ್ಲಿ, ತಲೆ ಪೂರ್ಣ ವೇಗ ಹಿಡಿದ ಮೇಲೆ, ಅಲೆಯಿಂದ ಅಲೆಗೆ ಎಷ್ಟು ಅಂತರವೆಂದು ಅಳೆಯಿರಿ. 2 ಮಿ.ಮೀ. ಬಂದರೆ ತಲೆ ಸೆಕೆಂಡಿಗೆ 25 ಸಲ ತೂಗುತ್ತಿದೆ ಎಂದರ್ಥ. ಸಾವಿರಾರು ರೂಪಾಯಿಯ ಸಂವೇದಕ ಬೇಡ, ಶಾಲೆಯ ಸ್ಕೇಲು ಸಾಕು. ಅಲೆ ಅಡಗದೆ ಗೆರೆಯುದ್ದಕ್ಕೂ ಒಂದೇ ಸಮ ಇದ್ದರೆ ಮೊದಲು ಫ್ಯಾನನ್ನು ಶಂಕಿಸಬೇಕು; ಮರದ ಹೊಗೆಯ ಜಿಡ್ಡು ರೆಕ್ಕೆಗೆ ಮೆತ್ತಿ ಅದರ ಸಮತೋಲ ಕೆಡುವುದುಂಟು. ಒರೆಸಿ, ಕೀಳಬೇಡಿ: ಫ್ಯಾನಿಲ್ಲದೆ ಡಯೋಡು ಹೆಚ್ಚು ದಿನ ಬಾಳದು.

ಎಲ್ಲರೂ ಮೊದಲು ಕೊಡುವ ಸಲಹೆ ‘ವೇಗ ತಗ್ಗಿಸಿ’ ಎಂಬುದು. ನನಗದು ಅರೆಬರೆ ಸಲಹೆ ಅನಿಸುತ್ತದೆ. ಪಟ್ಟಿಯನ್ನು ಬಾಗಿಸುವುದು ವೇಗವಲ್ಲ, ವೇಗದ ಏರಿಳಿತ, ಅಂದರೆ ವೇಗೋತ್ಕರ್ಷ. ಸೆಕೆಂಡಿಗೆ 25 ಸಲ ತೂಗುವ ತಲೆಯ ವೇಗ ಪ್ರತಿ ಸೆಕೆಂಡಿಗೆ 1000 ಮಿ.ಮೀ.ನಂತೆ ಏರಿದರೆ ಅದು ಸುಮಾರು 0.04 ಮಿ.ಮೀ. ವಾಲುತ್ತದೆ. ಒಮ್ಮೆಲೇ ಹೊರಟರೆ ಅದರ ಇಮ್ಮಡಿಯವರೆಗೂ ಹೋಗುತ್ತದೆ, ಹೆಚ್ಚುಕಡಿಮೆ ಚುಕ್ಕೆಯ ಅಗಲದಷ್ಟು. ತೂಗುವಿಕೆ ಸೆಕೆಂಡಿಗೆ 50ಕ್ಕೆ ಏರಿದರೆ ವಾಲುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಬೇಕಾಗಿರುವುದು ಬಿಗಿ.

ಬಿಗಿ ತಪ್ಪುವುದು ಚಾಚಿಕೊಂಡ ಕಡೆ. ಒಂದು ತುದಿ ಮಾತ್ರ ಹಿಡಿದ ಪಟ್ಟಿಯ ಚಾಚು ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಬಿಟ್ ತಿರುಗಿಸುವ ಸ್ಪಿಂಡಲ್ ಮೋಟಾರನ್ನು ಹಾಗೇ ಬಿಟ್ಟು ಅದರ ಮುಂದಕ್ಕೆ ಲೇಸರ್ ನೇತುಹಾಕುವವರು ತೂಕ, ಚಾಚು ಎರಡನ್ನೂ ಹೆಚ್ಚಿಸಿಕೊಳ್ಳುತ್ತಾರೆ. ಸ್ಪಿಂಡಲ್ ಬಿಚ್ಚಿ ಅದರ ಜಾಗದಲ್ಲೇ ಲೇಸರ್ ಕೂರಿಸುವುದು ಮೇಲು. ತ್ರಿಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ ಪಟ್ಟಿಗಿಂತ ಅದೇ ಅಳತೆಯ ಅಲ್ಯೂಮಿನಿಯಂ ಪಟ್ಟಿ ಇಪ್ಪತ್ತು ಪಟ್ಟು ಬಿಗಿ. ಇನ್ನೊಂದು ಉಪಾಯಕ್ಕೆ ಕಾಸೂ ಖರ್ಚಿಲ್ಲ: ತಲೆಯನ್ನು ಕೆಳಕ್ಕೆ ಚಾಚುವ ಬದಲು ಹಲಗೆಯ ಕೆಳಗೆ ದಿಮ್ಮಿ ಇಟ್ಟು ಹಲಗೆಯನ್ನೇ ಎತ್ತರಿಸಿ.

ಲೇಸರ್‌ಗೂ ಪಟ್ಟಿಗೂ ನಡುವೆ ರಬ್ಬರ್ ವಾಷರ್ ಹಾಕುವ ಆಸೆ ಬರುತ್ತದೆ. ಬೇಡ. ರಬ್ಬರು ತಲೆಯನ್ನು ಇನ್ನಷ್ಟು ಸಡಿಲಿಸುತ್ತದೆ, ತೂಗುವಿಕೆ ನಿಧಾನವಾದಷ್ಟೂ ವಾಲುವುದು ಜಾಸ್ತಿ. ರಬ್ಬರಿನ ಜಾಗ ಯಂತ್ರದ ಕಾಲಡಿ.

ಬಿಗಿ ಮಾಡಿದ ಮೇಲೂ ಉಳಿಯುವ ನಡುಕಕ್ಕೆ ಲೆಕ್ಕದ ಮದ್ದುಂಟು. ಜೋಕಾಲಿಯನ್ನು ಒಮ್ಮೆ ನೂಕಿ, ಅದು ಹೋಗಿಬಂದು ಮತ್ತೆ ಅದೇ ದಿಕ್ಕಿಗೆ ಅದೇ ಜಾಗ ದಾಟುವಾಗ ಎದುರಿನಿಂದ ಅಷ್ಟೇ ಬಲ ಹಾಕಿ ತಡೆದರೆ ನಿಂತುಬಿಡುತ್ತದೆ. ಇಲ್ಲಿಯೂ ಹಾಗೆಯೇ: ವೇಗ ಏರಲು ಶುರುವಾದಾಗ ತಲೆಗೆ ಒಂದು ನೂಕು, ಏರಿಕೆ ಮುಗಿದಾಗ ಅದಕ್ಕೆ ಎದುರಾದ ಇನ್ನೊಂದು. ಇವೆರಡರ ನಡುವಿನ ಹೊತ್ತು ಸರಿಯಾಗಿ ಒಂದು ತೂಗಿನಷ್ಟೋ ಎರಡರಷ್ಟೋ ಇದ್ದರೆ ಒಂದನ್ನೊಂದು ಅಳಿಸಿಹಾಕುತ್ತವೆ. ನಮ್ಮ ಉದಾಹರಣೆಯಲ್ಲಿ ಒಂದು ತೂಗಿಗೆ 40 ಮಿಲಿಸೆಕೆಂಡ್. ವೇಗೋತ್ಕರ್ಷವನ್ನು 1000ದಿಂದ 1250ಕ್ಕೆ ಏರಿಸಿದರೆ 50 ಮಿ.ಮೀ. ವೇಗ ತಲುಪಲು ಹಿಡಿಯುವುದೂ ಅಷ್ಟೇ ಹೊತ್ತು. ಹೆಚ್ಚಿಸಿದರೆ ನಡುಕ ತಗ್ಗೀತು ಎಂಬುದು ನಂಬಲು ಕಷ್ಟ, ಲೆಕ್ಕ ಮಾತ್ರ ಸರಿ. ನಾನಾದರೆ 625 ಆರಿಸುವೆ: ಎರಡು ತೂಗು, ಅರ್ಧ ಬಾಗು.

ಈ ಜಾಡಿನಲ್ಲೇ ಎಂಐಟಿಯ ನೀಲ್ ಸಿಂಗರ್, ವಾರೆನ್ ಸೀರಿಂಗ್ 1990ರಲ್ಲಿ ಚಲನೆಯ ಆಜ್ಞೆಯನ್ನೇ ತಿದ್ದಿ ಕಂಪನ ಕಳೆಯುವ ವಿಧಾನ ಪ್ರಕಟಿಸಿದರು. ತ್ರಿಡಿ ಪ್ರಿಂಟರ್‌ಗಳ ಕ್ಲಿಪ್ಪರ್ ತಂತ್ರಾಂಶದಲ್ಲಿ ಅದು ಇಂದು ಬಳಕೆಯಲ್ಲಿದೆ. ಹವ್ಯಾಸಿ ಸಿಎನ್‌ಸಿಗಳಲ್ಲಿ ಸಾಮಾನ್ಯವಾದ, 2009ರಲ್ಲಿ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುದ್ ಶುರುಮಾಡಿದ ಜಿಆರ್‌ಬಿಎಲ್ ತಂತ್ರಾಂಶವನ್ನು ಅರ್ಡುಯಿನೊ ಊನೊ ಬೋರ್ಡಿನ 32 ಕಿಲೋಬೈಟ್ ಸ್ಮೃತಿಯಲ್ಲಿ ಹಿಡಿಸಬೇಕಿತ್ತು. ಅದರಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ‘ಡಾಲರ್ 120’, ‘ಡಾಲರ್ 121’ ಎಂಬ ಸೆಟ್ಟಿಂಗುಗಳಲ್ಲಿ ವೇಗೋತ್ಕರ್ಷವನ್ನು ಕೈಯಾರೆ ಬದಲಿಸಬೇಕು.

ಮನೆಯ ನಾಮಫಲಕ ಸುಡಿಸುವವರಿಗೆ ಇನ್ನೊಂದು ಮಾತು. ಅಕ್ಷರದ ಅಂಚಿನಗುಂಟ ಗೆರೆ ಎಳೆಯುವಾಗ ಕನ್ನಡದ ದುಂಡು ತಿರುವುಗಳಲ್ಲಿ ದಿಕ್ಕು ನಯವಾಗಿ ಬದಲಾಗುವುದರಿಂದ ತಲೆಗೆ ಏಟು ಕಡಿಮೆ. ಆದರೆ ಅಕ್ಷರದ ಒಳಗನ್ನು ಸಾಲು ಸಾಲಾಗಿ ತುಂಬಿಸುವಾಗ ಈ ಅನುಕೂಲ ಇಲ್ಲ, ಪ್ರತಿ ಸಾಲಿನ ತುದಿಯಲ್ಲೂ ತಲೆ ನಿಂತು ಹಿಂದಿರುಗುತ್ತದೆ. ಆಗ ತಂತ್ರಾಂಶದಲ್ಲಿ ‘ಓವರ್‌ಸ್ಕ್ಯಾನ್’ ಹಾಕಿ, ಅಂದರೆ ತಲೆ ಬೆಳಕು ಆರಿಸಿಕೊಂಡು ಸಾಲಿನ ತುದಿಯಾಚೆಗೂ ತುಸು ಓಡಲಿ. 625ರ ವೇಗೋತ್ಕರ್ಷಕ್ಕೆ ಪೂರ್ಣ ವೇಗ ಹಿಡಿಯಲು 2 ಮಿ.ಮೀ. ಬೇಕು; 5 ಮಿ.ಮೀ. ಕೊಟ್ಟರೆ ಉಳಿದ ಅಲುಗಾಟದ ಬಹುಪಾಲು ಬೆಳಕು ಹೊತ್ತುವ ಮೊದಲೇ ಹಲಗೆಯ ಖಾಲಿ ಜಾಗದ ಮೇಲೆ ಕಳೆದುಹೋಗುತ್ತದೆ.