ನಿಯಮಾವಳಿಯ ಸ್ಥಾನಾಂತರ: ದೋಣಿಮಲೈ ಅದಿರಿನ ನಿದರ್ಶನದಿಂದ ಒಂದು ವಿಚಾರ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿಗೆ ಸೇರಿದ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದವರು ೧೯೭೭ರಿಂದ ಕಬ್ಬಿಣದ ಅದಿರನ್ನು ತೆಗೆಯುತ್ತ ಬಂದಿರುವರು. ಗುತ್ತಿಗೆಯ ವಿವಾದದಿಂದ ೨೦೧೮ರ ನವೆಂಬರಿನಿಂದ ೨೦೨೧ರ ಫೆಬ್ರುವರಿಯವರೆಗೆ ಮಾತ್ರ ಆ ಕೆಲಸವು ನಿಂತಿದ್ದಿತು. ಬೆಟ್ಟದಿಂದ ಹೊರಬೀಳುವ ವಸ್ತು ನೋಡುವವರ ಕಣ್ಣಿಗೆ ಒಂದೇ ಆದರೂ ಮಾರಾಟದ ಲೆಕ್ಕಕ್ಕೆ ಏರುವಾಗ ಅದು ಒಂದಾಗಿ ಉಳಿಯುವುದಿಲ್ಲ. ಹತ್ತು ಮಿಲಿಮೀಟರಿಗೆ ಮೇಲ್ಪಟ್ಟ ಗಾತ್ರದ್ದು ಗಟ್ಟಿ ಅದಿರು, ಗಣಿಯವರ ಮಾತಿನಲ್ಲಿ ಲಂಪ್ಸ್. ಅದಕ್ಕಿಂತ ಸಣ್ಣದು ಪುಡಿ ಅದಿರು, ಅಂದರೆ ಫೈನ್ಸ್. ಇವೆರಡರಲ್ಲಿಯೂ ಕಬ್ಬಿಣದ ಅಂಶ ನೂರಕ್ಕೆ ೫೮ ಇರುವುದೇ, ೬೨ ಇರುವುದೇ, ೬೫ ಇರುವುದೇ ಎಂಬುದನ್ನು ನೋಡಿ ಬೆಲೆಯೂ ರಾಜಧನವೂ ನಿಗದಿಯಾಗುವುವು. ಸಾಗಣೆ ರೈಲಿನಲ್ಲಿಯೋ ಲಾರಿಯಲ್ಲಿಯೋ, ಮಾರಾಟ ಹರಾಜಿನಲ್ಲಿಯೋ ಒಪ್ಪಂದದಿಂದಲೋ ಎಂಬ ಭೇದಗಳು ಬೇರೆ.

ಹೀಗೆ ಒಂದು ವಸ್ತುವಿಗೆ ಇರಬಹುದಾದ ಲಕ್ಷಣಗಳು, ಒಂದೊಂದು ಲಕ್ಷಣಕ್ಕೆ ಸಲ್ಲುವ ಮೌಲ್ಯಗಳು, ಯಾವ ಮೌಲ್ಯವು ಯಾವುದರೊಡನೆ ಕೂಡಬಹುದು ಕೂಡಬಾರದು ಎಂಬ ನಿಯಮಗಳು, ಈ ಮೂರನ್ನೂ ಸೇರಿಸಿ ಗಣಕಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟುದನ್ನು ಉದ್ಯಮಗಳಲ್ಲಿ ಕಾನ್ಫಿಗರೇಷನ್ ಮಾಡೆಲ್ ಎನ್ನುವರು. ನಾವು ಇದನ್ನು ಉತ್ಪನ್ನದ ನಿಯಮಾವಳಿ ಎಂದು ಕರೆಯಬಹುದು. ಹಳೆಯ ತಂತ್ರಾಂಶವನ್ನು ಬಿಟ್ಟು ಹೊಸದಕ್ಕೆ ಹೋಗುವ ಸಂಸ್ಥೆಯು ಈ ನಿಯಮಾವಳಿಯನ್ನೂ ಜೊತೆಯಲ್ಲಿ ಕೊಂಡೊಯ್ಯಬೇಕಾಗುತ್ತದೆ. ಈ ಕಾರ್ಯವನ್ನು ನಕಲು ಮಾಡುವ ಕೆಲಸವೆಂದು ಭಾವಿಸುವವರೇ ಹೆಚ್ಚು. ಆದರೆ ಇದು ಗ್ರಂಥಸಂಪಾದನೆಯ ಜಾತಿಗೆ ಸೇರಿದುದೆಂಬುದು ನನ್ನ ಅಭಿಪ್ರಾಯ. ಈ ಪತ್ರಿಕೆಯ ವಾಚಕರ ಮುಂದೆ ಇದನ್ನು ಇಡುವುದಕ್ಕೆ ಅದೇ ಕಾರಣ.

ಅದಿರಿಗಿಂತ ಅದನ್ನು ಹೊರುವ ಡಂಪರು ಒಳ್ಳೆಯ ನಿದರ್ಶನ. ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯವರು ಮೈಸೂರಿನಲ್ಲಿ ಇಂಥ ವಾಹನಗಳನ್ನು ತಯಾರಿಸುವರು. ಆದರೆ ಇಲ್ಲಿ ಮುಂದೆ ಹೇಳುವ ನಿಯಮಗಳು ವಿವರಣೆಗಾಗಿ ನಾನೇ ಕಲ್ಪಿಸಿಕೊಂಡವು, ಯಾವ ಸಂಸ್ಥೆಯ ಕಡತದಿಂದಲೂ ತೆಗೆದವಲ್ಲ. ನೂರು ಟನ್ನು ಹೊರುವ ಡಂಪರೊಂದಿದೆ ಎನ್ನೋಣ. ಸಡಿಲವಾಗಿ ತುಂಬಿದ ಕಲ್ಲಿದ್ದಲು ಘನಮೀಟರಿಗೆ ಸುಮಾರು ೦.೮೫ ಟನ್ನು ತೂಗುತ್ತದೆ. ಒಡೆದ ಕಬ್ಬಿಣದ ಅದಿರು ಸುಮಾರು ೨.೫ ಟನ್ನು. ಆದುದರಿಂದ ಕಲ್ಲಿದ್ದಲಿಗಾದರೆ ೧೧೭ ಘನಮೀಟರಿನ ತೊಟ್ಟಿ ಬೇಕು, ಅದಿರಿಗೆ ೪೦ ಸಾಕು. ಕಲ್ಲಿದ್ದಲಿನ ತೊಟ್ಟಿಯನ್ನು ಕಟ್ಟಿದ ವಾಹನವನ್ನು ಸಂಡೂರಿನ ಬೆಟ್ಟಕ್ಕೆ ಕಳುಹಿಸಿ ಅಂಚಿನವರೆಗೆ ಅದಿರು ತುಂಬಿದರೆ ಹೊರೆಯು ೨೯೦ ಟನ್ನಿಗೆ ಮೀರುವುದು. ಇಳಿಜಾರಿನಲ್ಲಿ ಅದರ ಬ್ರೇಕಿನ ಗತಿಯೇನು, ಅದರ ಮುಂದೆ ಹೋಗುತ್ತಿರುವ ಜೀಪಿನ ಗತಿಯೇನು! ನಿಯಮಾವಳಿಯಲ್ಲಿ ಒಂದು ಸಾಲು ತಪ್ಪಿದುದರ ಫಲ ಇಷ್ಟು ದೂರ ಮುಟ್ಟಬಹುದು. ತೊಟ್ಟಿ, ಎಂಜಿನು, ಟೈರು ಮೊದಲಾಗಿ ಹತ್ತು ಲಕ್ಷಣಗಳಿದ್ದು ಒಂದೊಂದಕ್ಕೆ ನಾಲ್ಕು ಮೌಲ್ಯಗಳಿದ್ದರೂ ಒಟ್ಟು ರೂಪಗಳು ೧೦,೪೮,೫೭೬ ಆಗುವುದರಿಂದ ಎಲ್ಲವನ್ನೂ ಪಟ್ಟಿಮಾಡಿ ಪರೀಕ್ಷಿಸುವೆವೆಂಬ ಮಾತು ನಡೆಯದು. ನಿಯಮವನ್ನೇ ನಂಬಬೇಕು.

ಹಳೆಯ ತಂತ್ರಾಂಶಗಳಲ್ಲಿ ಇಂಥ ನಿಯಮಗಳ ಬಹುಭಾಗವು ಒಂದರ ಮೇಲೊಂದು ನಡೆಯುವ ವಿಧಿಗಳ ರೂಪದಲ್ಲಿ ಇರುತ್ತದೆ. ಮೊದಲನೆಯ ವಿಧಿ: ತೊಟ್ಟಿ ಸಾಧಾರಣವಾದುದು. ಎರಡನೆಯದು: ಸರಕು ಕಲ್ಲಿದ್ದಲಾದರೆ ತೊಟ್ಟಿ ದೊಡ್ಡದು. ಹಿಂದಿನ ವಿಧಿ ಇಟ್ಟ ಮೌಲ್ಯವನ್ನು ಮುಂದಿನದು ಅಳಿಸಿ ಬರೆಯಬಲ್ಲುದಾದ್ದರಿಂದ ಎಲ್ಲವೂ ಸರಿಹೋಗುತ್ತದೆ. ಇವೆರಡರ ಸ್ಥಾನವನ್ನು ಬದಲಾಯಿಸಿದರೆ ಮಾತುಗಳಲ್ಲಿ ಒಂದಕ್ಷರವೂ ಕೆಟ್ಟಿರದಿದ್ದರೂ ಕಲ್ಲಿದ್ದಲಿಗೆ ಸಣ್ಣ ತೊಟ್ಟಿಯೇ ಬರುವುದು. ಅಂದರೆ ಅರ್ಥವು ವಾಕ್ಯಗಳಲ್ಲಿ ಎಷ್ಟಿದೆಯೋ ಅಷ್ಟೇ ಅವುಗಳ ಆನುಪೂರ್ವಿಯಲ್ಲಿಯೂ ಇದೆ.

ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸತಲ್ಲ. ಸಾಮಾನ್ಯವಿಧಿಯಾದ ಉತ್ಸರ್ಗವನ್ನು ವಿಶೇಷವಿಧಿಯಾದ ಅಪವಾದವು ಬಾಧಿಸುವುದು. ಸಮಬಲದ ಎರಡು ಸೂತ್ರಗಳು ಒಂದೇ ಎಡೆಯಲ್ಲಿ ತಗುಲಿದರೆ ಪರಸೂತ್ರವೇ ಬಲಿಷ್ಠವೆಂದು ಪಾಣಿನಿಯ ವ್ಯವಸ್ಥೆ. ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ಕಾರ್ಯವಂತೂ ಹಿಂದಿನ ಸೂತ್ರಗಳ ಪಾಲಿಗೆ ನಡೆದೇ ಇಲ್ಲವೆಂದು ಎಣಿಸಬೇಕು. ಜೊತೆಗೆ ಅನುವೃತ್ತಿ ಎಂಬುದೊಂದುಂಟು: ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಹರಿದು ಬರುತ್ತದೆ. ಸೂತ್ರವೊಂದನ್ನು ಅದರ ಎಡೆಯಿಂದ ಕಿತ್ತು ಬೇರೆಡೆ ನೆಟ್ಟರೆ ಪದಗಳು ಬರುವುವು, ಅನುವೃತ್ತಿಯು ಬರುವುದಿಲ್ಲ. ಕನ್ನಡದಲ್ಲಿಯೇ ನೋಡುವುದಾದರೆ, ಊರು ಎಂಬುದಕ್ಕೆ ದ್ವಿತೀಯೆ ಹತ್ತಿದಾಗ ಉಕಾರವು ಲೋಪವಾಗಿ ಊರನ್ನು ಎಂದಾಗುತ್ತದೆ. ಗುರು ಎಂಬಲ್ಲಿ ಲೋಪವು ಸಲ್ಲದೆ ವಕಾರಾಗಮದಿಂದ ಗುರುವನ್ನು ಎಂದಾಗುತ್ತದೆ. ಲೋಪವಿಧಿಯನ್ನು ಮಾತ್ರ ಎತ್ತಿಕೊಂಡು, ಅರ್ಥ ಕೆಡದಿದ್ದಾಗ ಎಂಬ ಅದರ ಒಡಲಿನ ನಿಬಂಧನೆಯನ್ನು ಮರೆತ ಲಿಪಿಕಾರನು ಗುರನ್ನು ಎಂದು ಬರೆದು ಕೈತೊಳೆದುಕೊಳ್ಳುವನು.

ನಮ್ಮ ಭಾಷೆಯ ವ್ಯಾಕರಣವೇ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಹೋಗಿಬಂದ ಶಾಸ್ತ್ರವೆಂಬುದನ್ನು ಇಲ್ಲಿ ನೆನೆಯಬೇಕು. ಇಮ್ಮಡಿ ನಾಗವರ್ಮನು ಒಂದೇ ವಿಷಯವನ್ನು ಶಬ್ದಸ್ಮೃತಿಯಲ್ಲಿ ಕನ್ನಡ ಪದ್ಯಗಳಾಗಿಯೂ ಕರ್ಣಾಟಕಭಾಷಾಭೂಷಣದಲ್ಲಿ ಸಂಸ್ಕೃತ ಸೂತ್ರಗಳಾಗಿಯೂ ಹೇಳಿದನು. ೧೩ನೆಯ ಶತಮಾನದಲ್ಲಿ ಕೇಶಿರಾಜನು ಕಂದಪದ್ಯಗಳಲ್ಲಿ ಶಬ್ದಮಣಿದರ್ಪಣವನ್ನು ರಚಿಸಿ ತಾನೇ ವೃತ್ತಿಯನ್ನು ಬರೆದನು. ೧೬೦೪ರಲ್ಲಿ ಭಟ್ಟಾಕಳಂಕನು ೫೯೨ ಸಂಸ್ಕೃತ ಸೂತ್ರಗಳ ಶಬ್ದಾನುಶಾಸನವನ್ನು ಮುಗಿಸಿದನು. ಕಂದವು ಬಹುಮಟ್ಟಿಗೆ ತನ್ನೊಳಗೆ ತಾನು ಪೂರ್ಣವಾಗಿರಬೇಕು. ಸೂತ್ರವಾದರೋ ನೆರೆಯವರನ್ನು ನೆಚ್ಚಿ ಬದುಕುವುದು. ಆದುದರಿಂದ ಭಟ್ಟಾಕಳಂಕನ ಕೆಲಸವು ಭಾಷಾಂತರವಾಗಿರಲಿಲ್ಲ. ವಿಷಯವನ್ನೆಲ್ಲ ಕರಗಿಸಿ ಬೇರೊಂದು ಅಚ್ಚಿನಲ್ಲಿ ಎರೆಯುವುದಾಗಿದ್ದಿತು.

ಗಣಕಯಂತ್ರದ ಚರಿತ್ರೆಯಲ್ಲಿ ಇಂಥ ಎರಕದ ಪ್ರಸಿದ್ಧ ಪ್ರಸಂಗವೊಂದಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜಾನ್ ಮೆಕ್‌ಡರ್ಮಟ್ ಎಂಬುವರು ೧೯೭೮ರಲ್ಲಿ ಆರಂಭಿಸಿದ ಆರ್-೧ ಎಂಬ ಕ್ರಮವಿಧಿಯು, ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ವ್ಯಾಕ್ಸ್ ಗಣಕಗಳಿಗೆ ಯಾವ ಯಾವ ಭಾಗಗಳು ಕೂಡಬೇಕೆಂಬುದನ್ನು ೧೯೮೦ರಿಂದ ನಿರ್ಣಯಿಸತೊಡಗಿತು. ಮುಂದೆ ಅದಕ್ಕೆ ಎಕ್ಸ್‌ಕಾನ್ ಎಂಬ ಹೆಸರಾಯಿತು. ಎರಡು ನಿಯಮಗಳು ಒಟ್ಟಿಗೆ ಅನ್ವಯಿಸಿದಾಗ ಹೆಚ್ಚು ವಿಶೇಷವಾದುದಕ್ಕೆ ಮನ್ನಣೆ ಕೊಡುವ ಪದ್ಧತಿ ಅದರಲ್ಲಿದ್ದಿತು. ಉತ್ಸರ್ಗಾಪವಾದ ನ್ಯಾಯವನ್ನು ಅವರು ಕೇಳಿದ್ದರೋ ಇಲ್ಲವೋ, ಬೇಕಾದಾಗ ತಾವೇ ಕಂಡುಕೊಂಡರು. ೧೯೮೭ರ ಹೊತ್ತಿಗೆ ನಿಯಮಗಳು ಆರು ಸಾವಿರವನ್ನು ಮೀರಿ, ವರ್ಷಕ್ಕೆ ಅರ್ಧದಷ್ಟು ಬದಲಾಗುವ ಸ್ಥಿತಿಗೆ ಬಂದುವು. ಯಾವುದರ ಹಿಂದೆ ಯಾವುದು ಏಕೆ ನಡೆಯುತ್ತದೆ ಎಂಬುದು ನಿಯಮಗಳ ಒಡಲಲ್ಲಿ ಅಡಗಿಹೋಗಿ ತಿದ್ದುವವರಿಗೆ ಕಾಣದಂತಾಗಿದ್ದಿತು. ಆಗ ರೈಮ್ ಎಂಬ ಹೊಸ ಪದ್ಧತಿಯನ್ನು ಏರ್ಪಡಿಸಿ, ಅಡಗಿದ್ದ ಕ್ರಮವನ್ನು ಬಾಯಿಬಿಟ್ಟು ಹೇಳುವಂತೆ ಇಡೀ ನಿಯಮಾವಳಿಯನ್ನು ಮತ್ತೆ ಬರೆದರು.

ಪ್ರಕೃತ ಹಲವು ಸಂಸ್ಥೆಗಳ ಮುಂದಿರುವ ಸ್ಥಾನಾಂತರವು ಸ್ಯಾಪ್ ಎಂಬ ಜರ್ಮನ್ ಸಂಸ್ಥೆಯ ತಂತ್ರಾಂಶಕ್ಕೆ ಸಂಬಂಧಿಸಿದುದು. ೧೯೯೨ರ ಆರ್-೩ರಿಂದ ಬೆಳೆದುಬಂದ ಅದರ ಹಳೆಯ ಪೀಳಿಗೆಗೆ ಸಾಮಾನ್ಯ ಪೋಷಣೆಯು ೨೦೨೭ರ ಕೊನೆಗೆ ಮುಗಿಯುವುದೆಂದೂ, ಹೆಚ್ಚಿನ ಹಣ ತೆರುವವರಿಗೆ ೨೦೩೦ರ ಕೊನೆಯವರೆಗೆ ಮುಂದುವರಿಯುವುದೆಂದೂ ೨೦೨೦ರಲ್ಲಿ ಪ್ರಕಟಿಸಿದರು. ೨೦೧೫ರಲ್ಲಿ ಹೊರಬಂದ ಎಸ್-೪ ಹಾನಾ ಎಂಬ ಹೊಸದರಲ್ಲಿ ಹಳೆಯ ವಿಧಾನಕ್ಕೂ ಎಡೆಯುಂಟು. ಅದರ ಪಕ್ಕದಲ್ಲಿ ಅಡ್ವಾನ್ಸ್ಡ್ ವೇರಿಯಂಟ್ ಕಾನ್ಫಿಗರೇಷನ್ ಎಂಬ ಹೊಸ ವಿಧಾನವನ್ನೂ ಇಟ್ಟಿದ್ದಾರೆ. ಆಕ್ಷನ್ ಎಂಬ ಒಂದು ಜಾತಿಯ ಹಳೆಯ ನಿಯಮವು ಹೊಸ ವಿಧಾನದಲ್ಲಿ ನಡೆಯುವುದೇ ಇಲ್ಲ. ಕ್ರಮವಾಗಿ ನಡೆಯುವ ವಿಧಿಗಳಿಗೆ ಅಲ್ಲಿಯೂ ಸ್ಥಾನವಿದೆಯಾದರೂ ಪ್ರಾಧಾನ್ಯವು ಕನ್‌ಸ್ಟ್ರೈಂಟ್ ಎಂಬ ನಿರ್ಬಂಧಗಳಿಗೆ. ಇದು ಮಾಡು ಎಂದು ಆಜ್ಞಾಪಿಸುವುದು ನಿರ್ಬಂಧದ ಕೆಲಸವಲ್ಲ. ಇದಕ್ಕೂ ಅದಕ್ಕೂ ಈ ಸಂಬಂಧವಿರಬೇಕು ಎಂದಷ್ಟೇ ಅದು ಹೇಳುವುದು. ಸರಕನ್ನು ಮೊದಲು ಆರಿಸಿದರೆ ತೊಟ್ಟಿಯ ಆಯ್ಕೆ ಕಿರಿದಾಗುವುದು. ತೊಟ್ಟಿಯನ್ನು ಮೊದಲು ಆರಿಸಿದರೆ ಸರಕಿನ ಆಯ್ಕೆ ಕಿರಿದಾಗುವುದು.

ಹೀಗಿರಲು ನಮ್ಮ ಡಂಪರಿನ ಎರಡು ವಿಧಿಗಳನ್ನು ಇದ್ದಂತೆಯೇ ನಿರ್ಬಂಧಗಳಾಗಿ ಬರೆದರೆ ಏನಾಗುವುದು? ತೊಟ್ಟಿ ಸಾಧಾರಣ ಎಂದು ಒಂದು, ಕಲ್ಲಿದ್ದಲಿಗೆ ದೊಡ್ಡದು ಎಂದು ಇನ್ನೊಂದು: ಹಿಂದುಮುಂದುಗಳಿಲ್ಲದಿರುವುದರಿಂದ ಇವು ಪರಸ್ಪರ ವಿರುದ್ಧವಾಗಿ ಕಲ್ಲಿದ್ದಲಿನ ಡಂಪರೇ ಅಸಾಧ್ಯವೆಂದಾಗುವುದು. ಕಲ್ಲಿದ್ದಲಲ್ಲದ ಸರಕಿಗೆ ಸಾಧಾರಣ ಎಂದು ಉತ್ಸರ್ಗದ ಬಾಯಲ್ಲಿಯೇ ಅಪವಾದವನ್ನು ಹೇಳಿಸಬೇಕು. ಎರಡು ವಿಧಿಗಳಿದ್ದಲ್ಲಿ ಇದು ಆಟ. ಇಪ್ಪತ್ತು ವರ್ಷ ನಾನಾ ಕೈಗಳು ಸೇರಿಸುತ್ತ ಬಂದ ಎರಡು ಸಾವಿರವಿದ್ದಲ್ಲಿ, ಯಾವುದು ಯಾವುದಕ್ಕೆ ಅಪವಾದವೆಂದು ಹುಡುಕುವುದೇ ಮುಖ್ಯ ದುಡಿಮೆ. ತಾನಾಗಿ ಪರಿವರ್ತಿಸುವ ಉಪಕರಣಗಳು ಅಕ್ಷರವನ್ನು ಒಯ್ಯಬಲ್ಲವು. ಬರೆದವನ ಮನಸ್ಸಿನಲ್ಲಿದ್ದ ಬಾಧ್ಯಬಾಧಕಭಾವವನ್ನು ಒಯ್ಯಲಾರವು.

ಇನ್ನು ಪ್ರಕ್ಷೇಪಗಳ ಮಾತು. ಮತ್ತೆ ದೋಣಿಮಲೈಗೆ ಬರೋಣ. ಬಳ್ಳಾರಿಯ ಗಣಿಗಾರಿಕೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಕೈಹಾಕಿದಂದಿನಿಂದ ಕರ್ನಾಟಕದ ಅದಿರು ಇ-ಹರಾಜಿನ ಮೂಲಕವೇ ಮಾರಾಟವಾಗಬೇಕಾಗಿದ್ದಿತು. ೨೦೨೨ರ ಮೇ ೨೦ರಂದು ನ್ಯಾಯಾಲಯವು ಆ ಕಟ್ಟನ್ನು ಸಡಿಲಿಸಿ ನೇರ ಮಾರಾಟಕ್ಕೂ ರಫ್ತಿಗೂ ಅವಕಾಶವಿತ್ತಿತು. ಆ ಹನ್ನೊಂದು ವರ್ಷಗಳ ನಡುವೆ ಯಾರೋ ಒಬ್ಬರು, ಅದಿರು ಕರ್ನಾಟಕದ್ದಾದರೆ ಮಾರಾಟ ಹರಾಜಿನಿಂದ, ಎಂದು ಬರೆದಿದ್ದರೆ ಅದು ಆಗ ಸಾಧುಪಾಠವೇ. ಮುಂದಿನವನು ಅದನ್ನು ಕಂಡಾಗ ಇದು ಅದಿರಿನ ಸ್ವಭಾವದಿಂದ ಬಂದ ನಿಯಮವೋ, ನ್ಯಾಯಾಲಯದ ಆಜ್ಞೆಯಿಂದ ಬಂದುದೋ ಎಂದು ತಿಳಿಯುವ ಬಗೆಯೆಂತು? ಹತ್ತು ಮಿಲಿಮೀಟರಿನ ಮೇರೆಯನ್ನೂ ಹರಾಜಿನ ಷರತ್ತನ್ನೂ ಯಂತ್ರವು ಒಂದೇ ಲಿಪಿಯಲ್ಲಿ ತೋರಿಸುತ್ತದೆ. ಕಾರಣ ಕಾಣದ ನಿಯಮವನ್ನು ಅಂಜಿಕೆಯಿಂದ ಉಳಿಸಿಕೊಳ್ಳುವವರೂ ಉಂಟು, ಆತುರದಿಂದ ಕಿತ್ತೆಸೆಯುವವರೂ ಉಂಟು. ಎರಡನೆಯವರಿಂದಲೇ ಹೆಚ್ಚು ಹಾನಿಯೆಂದು ತೋರುತ್ತದೆ, ಏಕೆಂದರೆ ಕಲ್ಲಿದ್ದಲಿನ ತೊಟ್ಟಿಯ ನಿಯಮವೂ ಕಾರಣ ಬರೆಯದೆ ನಿಂತಿರುವುದು ಸಂಭವವೇ. ಕೇಶಿರಾಜನ ಸೂತ್ರವು ಇಂದಿಗೂ ಅರ್ಥವಾಗುವುದು ವೃತ್ತಿಯೂ ಪ್ರಯೋಗಗಳೂ ಅದರ ಜೊತೆಯಲ್ಲಿಯೇ ನಡೆದುಬಂದುದರಿಂದ. ಉದ್ಯಮದ ನಿಯಮಾವಳಿಗಳಿಗೆ ವೃತ್ತಿ ಬರೆಯುವ ಪದ್ಧತಿ ವಿರಳ.

ವೃತ್ತಿಯಿಲ್ಲದಿದ್ದರೂ ಪ್ರಯೋಗಗಳು ಇರುತ್ತವೆ. ಹಳೆಯ ತಂತ್ರಾಂಶದಲ್ಲಿ ನಿಜವಾಗಿ ನಡೆದುಹೋದ ಬೇಡಿಕೆಗಳ ದಾಖಲೆಗಳೇ ಆ ಪ್ರಯೋಗಗಳು. ಅವನ್ನು ಹೊಸ ನಿಯಮಾವಳಿಯ ಮೂಲಕ ಮತ್ತೊಮ್ಮೆ ನಡೆಸಿ, ಎರಡರ ಫಲಗಳನ್ನು ಅಕ್ಕಪಕ್ಕದಲ್ಲಿಟ್ಟು, ಭೇದ ಬಂದಲ್ಲೆಲ್ಲ ನಿಂತು ವಿಚಾರಿಸಬೇಕು. ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಭೇದವು ಕಂಡಕೂಡಲೇ ಹೊಸದೇ ತಪ್ಪೆಂದು ತೀರ್ಮಾನಿಸಬಾರದು. ಅನೇಕ ವೇಳೆ ಹಳೆಯದರಲ್ಲಿ ಯಾರಿಗೂ ಕಾಣದೆ ಕುಳಿತಿದ್ದ ದೋಷವು ಆಗ ಹೊರಬೀಳುವುದು.

ಹೊಸ ನಿಯಮಾವಳಿಯು ಸಿದ್ಧವಾದ ಮೇಲೂ ಹಳೆಯದನ್ನು ಅಳಿಸತಕ್ಕದ್ದಲ್ಲ. ಡಂಪರೊಂದು ಹತ್ತು ವರ್ಷಕ್ಕೂ ಮೀರಿ ಬೆಟ್ಟದ ಮೇಲೆ ದುಡಿಯುವ ವಾಹನ. ಅದಕ್ಕೆ ಬಿಡಿಭಾಗ ಬೇಕಾದಾಗ, ಅದನ್ನು ಕಟ್ಟಿದ ದಿನ ಯಾವ ನಿಯಮಗಳು ಜಾರಿಯಲ್ಲಿದ್ದುವೋ ಅವುಗಳ ಪ್ರಕಾರವೇ ಅದರ ಒಳರಚನೆಯನ್ನು ಓದಬೇಕು, ಇಂದಿನವುಗಳ ಪ್ರಕಾರವಲ್ಲ. ಆ ಹಳೆಯ ಪಾಠವನ್ನು ಓದಬಲ್ಲ ರೂಪದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುತ್ತಿದ್ದಿತೆಂಬ ಉಲ್ಲೇಖದೊಡನೆ, ಕೊನೆಯ ವಾಹನವು ಗಣಿಯಿಂದ ಇಳಿಯುವವರೆಗಾದರೂ ಕಾಪಾಡಿಕೊಳ್ಳಬೇಕಾಗುತ್ತದೆ.