ಹಿಮದ ಮೇಲೆ ಹಾಸಿದ ಹಾದಿ

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ ಯೂಕಾನ್ ಎಂಬ ಪ್ರದೇಶವಿದೆ. ಅಲ್ಲಿಯ ಡಾಸನ್ ಪಟ್ಟಣದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ಬಂದರೆ, ಹೆದ್ದಾರಿಯಿಂದ ಒಂದು ಜಲ್ಲಿಯ ರಸ್ತೆ ಕವಲೊಡೆದು ಉತ್ತರಾಭಿಮುಖವಾಗಿ ಹೊರಡುತ್ತದೆ. ಡೆಂಪ್‌ಸ್ಟರ್ ಹೆದ್ದಾರಿ ಎಂದು ಅದರ ಹೆಸರು. ಇನೂವಿಕ್ ಎಂಬ ಊರನ್ನು ಮುಟ್ಟುವವರೆಗೆ ಅದರ ಉದ್ದ ಸುಮಾರು 740 ಕಿಲೋಮೀಟರು. ಮೊದಲ 369 ಕಿಲೋಮೀಟರುಗಳಲ್ಲಿ ಪೆಟ್ರೋಲು ದೊರೆಯುವ ಒಂದು ಸ್ಥಳವೂ ಇಲ್ಲ. 2019ರ ಜುಲೈ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ವ್ಯಾಂಕೂವರಿನಲ್ಲಿರುವ ಮಗಳ ವಾಹನವನ್ನು ಪಡೆದು, ಡೇರೆ, ಒಲೆ, ಅಕ್ಕಿ, ಬೇಳೆಗಳನ್ನು ತುಂಬಿಕೊಂಡು ಈ ಹಾದಿ ಹಿಡಿದೆವು. ಎಲ್ಲಿಯವರೆಗೆ ಹೋದೆವು, ಏಕೆ ಹಿಂದಿರುಗಿದೆವು ಎಂಬುದನ್ನು ಹೇಳುವ ಮೊದಲು ಈ ರಸ್ತೆಯ ಸ್ವಭಾವವನ್ನು ಕೊಂಚ ವಿವರಿಸಬೇಕು.

ನಾವು ರಸ್ತೆ ಮಾಡುವಾಗ ಮೊದಲು ನೆಲವನ್ನು ಅಗೆಯುತ್ತೇವೆ. ಅಲ್ಲಿ ಅಗೆದರೆ ರಸ್ತೆಯೇ ಉಳಿಯುವುದಿಲ್ಲ. ಮೇಲಿನ ಪಾಚಿ ಮತ್ತು ಸಸ್ಯಗಳ ತೆಳುವಾದ ಪದರದ ಕೆಳಗೆ ಸಹಸ್ರಾರು ವರ್ಷಗಳಿಂದ ಹೆಪ್ಪುಗಟ್ಟಿಯೇ ಇರುವ ಮಣ್ಣಿದೆ. ಅದರೊಳಗೆ ಮಂಜುಗಡ್ಡೆಯ ಗೆಣ್ಣುಗಳಿವೆ. ಬೇಸಗೆಯಲ್ಲಿ ಮೇಲಿನ ಒಂದೆರಡು ಅಡಿ ಮಾತ್ರ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಪಾಚಿಯು ಆ ಹಿಮಕ್ಕೆ ಹೊದಿಸಿದ ಕಂಬಳಿ. ಕಂಬಳಿಯನ್ನು ಕಿತ್ತರೆ ಬಿಸಿಲು ಒಳಗಿಳಿದು ಹಿಮ ಕರಗುತ್ತದೆ, ನೆಲ ಕೆಸರಾಗಿ ಕುಸಿಯುತ್ತದೆ. ಆದುದರಿಂದ ಇಲ್ಲಿಯ ಎಂಜಿನಿಯರುಗಳು ನೆಲವನ್ನು ಕೆದಕದೆ, ಅದರ ಮೇಲೆಯೇ ನಾಲ್ಕು ಅಡಿಯಿಂದ ಎಂಟು ಅಡಿಯವರೆಗೆ ದಪ್ಪನಾಗಿ ಜಲ್ಲಿಯನ್ನು ಹೇರಿದರು. ಈ ರಸ್ತೆ ಹಿಮವನ್ನು ಹಿಮವಾಗಿಯೇ ಉಳಿಸಿಕೊಂಡು ಅದರ ಬೆನ್ನ ಮೇಲೆ ನಿಂತಿದೆ. ತೈಲ ಸಿಕ್ಕೀತೆಂಬ ಆಸೆಯಿಂದ 1959ರಲ್ಲಿ ಆರಂಭವಾದ ಕೆಲಸ ನಡುವೆ ನಿಂತು, ಮತ್ತೆ ಮುಂದುವರಿದು, 1979ರ ಆಗಸ್ಟಿನಲ್ಲಿ ಹಾದಿ ತೆರೆಯಿತು. ಮುಂದೆ 2017ರ ನವೆಂಬರಿನಲ್ಲಿ ಇನೂವಿಕ್‌ನಿಂದ ಟುಕ್ಟೊಯಾಕ್ಟುಕ್ ಎಂಬ ಕಡಲತೀರದ ಹಳ್ಳಿಗೆ ಇನ್ನೂ ಸುಮಾರು 140 ಕಿಲೋಮೀಟರು ರಸ್ತೆಯಾಯಿತು. ಅಂದಿನಿಂದ ಉತ್ತರಧ್ರುವದ ಸಾಗರವನ್ನು ಕಾರಿನಲ್ಲಿಯೇ ಹೋಗಿ ಮುಟ್ಟಬಹುದು. ನನ್ನ ಹಂಬಲವೂ ಅದೇ ಆಗಿತ್ತು.

ಮೊದಲ ರಾತ್ರಿ ಟೂಂಬ್‌ಸ್ಟೋನ್ ಪರ್ವತಗಳ ನಡುವಣ ತಂಗುದಾಣದಲ್ಲಿ ಡೇರೆ ಹಾಕಿದೆವು. ರಾತ್ರಿ ಎನ್ನುವುದು ಬರಿಯ ರೂಢಿಯ ಮಾತು, ಕತ್ತಲೆಯಾಗಲೇ ಇಲ್ಲ. ಊಟದ ಸಾಮಾನನ್ನೆಲ್ಲ, ಸಾರಿನ ಪುಡಿಯ ಡಬ್ಬಿಯನ್ನೂ ಸೇರಿಸಿ, ಕರಡಿಗಳಿಗೆ ವಾಸನೆ ತಗಲದಂತೆ ಡೇರೆಯಿಂದ ದೂರದಲ್ಲಿ ಭದ್ರಪಡಿಸಬೇಕು. ಸೊಳ್ಳೆಗಳಿಗೆ ಮಾತ್ರ ಯಾವ ಭದ್ರತೆಯೂ ಸಾಲದು. ಮರುದಿನ ಬೆಟ್ಟಗಳು ಬೋಳಾದವು. ಮರಗಳು ಕುಳ್ಳಾಗಿ, ನೆಲದ ಹಿಮ ಅಲುಗಿದಂತೆಲ್ಲ ಅತ್ತಿತ್ತ ವಾಲಿ, ಕುಡಿದವರಂತೆ ನಿಂತಿದ್ದವು. ಎದುರಿಗೆ ಒಂದು ಲಾರಿ ಬಂದರೆ ಮೈಲಿಗಟ್ಟಲೆ ದೂರದಿಂದಲೇ ಧೂಳು ಕಾಣುತ್ತಿತ್ತು.

ಸುಮಾರು 250ನೆಯ ಕಿಲೋಮೀಟರಿನಲ್ಲಿ ಚೂಪಾದ ಕಲ್ಲೊಂದು ಹಿಂದಿನ ಟಯರಿನ ಪಕ್ಕೆಯನ್ನು ಸೀಳಿತು. ನಮ್ಮಲ್ಲಿದ್ದುದು ಒಂದೇ ಸ್ಟೆಪ್ನಿ. ಎರಡು ಇಟ್ಟುಕೊಳ್ಳಿರೆಂದು ಮಗಳು ಹೇಳಿದ್ದಳು. ಡಾಸನ್ನಿನಲ್ಲಿ ನನ್ನಾಕೆಯೂ ನೆನಪಿಸಿದ್ದಳು. ನಲವತ್ತು ವರ್ಷ ವಾಹನ ನಡೆಸಿದ ನನಗೆ ಬುದ್ಧಿ ಹೇಳಬೇಕೆ ಎಂದು ನಾನು ನಕ್ಕುಬಿಟ್ಟಿದ್ದೆ. ಮುಂದಿನ 120 ಕಿಲೋಮೀಟರುಗಳನ್ನು ಗಂಟೆಗೆ ಮೂವತ್ತರ ವೇಗದಲ್ಲಿ, ಪ್ರತಿಯೊಂದು ಕಲ್ಲನ್ನೂ ಗುರುತಿಸುತ್ತ ಕ್ರಮಿಸಿದೆವು. ಆಕೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗಲ್ ಪ್ಲೇನ್ಸ್ ಎಂಬಲ್ಲಿ ಒಂದು ಹೋಟೆಲು, ಒಂದು ಪೆಟ್ರೋಲು ಬಂಕು, ಟಯರು ರಿಪೇರಿಯ ಒಂದು ಷೆಡ್ಡು ಇದ್ದವು. ಪಕ್ಕೆ ಸೀಳಿದ ಟಯರಿಗೆ ತೇಪೆ ನಿಲ್ಲದು. ನಮ್ಮ ಅಳತೆಯ ಬೇರೆ ಟಯರೂ ಅಲ್ಲಿರಲಿಲ್ಲ. ಇನೂವಿಕ್ ಇನ್ನೂ ಅಷ್ಟೇ ದೂರದಲ್ಲಿತ್ತು. ನಡುವೆ ಪೀಲ್ ಮತ್ತು ಮೆಕೆಂಜಿ ಎಂಬ ಎರಡು ನದಿಗಳು; ಬೇಸಗೆಯಲ್ಲಿ ಲಾಂಚಿನ ಮೇಲೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ವಾಹನಗಳು ದಾಟಬೇಕು. ನಾನು ಮುಂದುವರಿಯೋಣವೆಂದೆ. "ರೀ, ಧ್ರುವವೃತ್ತ ಇಲ್ಲಿಂದ ಮೂವತ್ತಾರೇ ಕಿಲೋಮೀಟರು. ಅದನ್ನು ನೋಡಿ ಹಿಂತಿರುಗೋಣ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ," ಎಂದಳು ಆಕೆ. "ನಾನು ಮತ್ತೆ ಇಲ್ಲಿಗೆ ಬರುವವನಲ್ಲ ಕಣೇ, ನನಗೀಗ ಅರವತ್ತೆಂಟು," ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ ಎದ್ದುಹೋದೆ.

ಆ ಹೋಟೆಲಿನ ಗೋಡೆಗಳಲ್ಲಿ ಹಳೆಯ ಛಾಯಾಚಿತ್ರಗಳಿದ್ದವು. ಕೋಪದಲ್ಲಿ ಅವುಗಳ ಮುಂದೆ ನಿಂತಾಗ ಈ ಹಾದಿಯ ಹಿಂದಿನ ಕಥೆ ನನ್ನ ಕಣ್ಣಿಗೆ ಬಿತ್ತು. 1910ರ ಡಿಸೆಂಬರ್ 21ರಂದು ಫಿಟ್ಸ್‌ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿ ಮೂವರು ಸಂಗಡಿಗರೊಡನೆ, ನಾಯಿಗಳೆಳೆಯುವ ಜಾರುಬಂಡಿಗಳಲ್ಲಿ ಟಪಾಲು ಹೊತ್ತು ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್ನಿಗೆ ಹೊರಟನು. ಬೇಗ ತಲುಪುವ ಆತುರದಲ್ಲಿ ಹೊರೆ ಕಡಿಮೆಯಾಗಲೆಂದು ಆಹಾರವನ್ನು ಮಿತವಾಗಿ ಒಯ್ದನು. ದಾರಿಯಲ್ಲಿ ದೊರೆತ ಈಸಾ ಜಾರ್ಜ್ ಎಂಬ ಗ್ವಿಚಿನ್ ಜನಾಂಗದ ಮಾರ್ಗದರ್ಶಿಯನ್ನು ಕೆಲವು ದಿನಗಳಲ್ಲಿಯೇ ಕೂಲಿ ಕೊಟ್ಟು ಕಳುಹಿಸಿಬಿಟ್ಟನು. ತಂಡದಲ್ಲಿ ದಾರಿ ಬಲ್ಲವನೆಂದಿದ್ದ ಕಾರ್ಟರ್ ಆ ಹಾದಿಯಲ್ಲಿ ಹಿಂದೆ ಒಮ್ಮೆ ಮಾತ್ರ, ಅದೂ ಎದುರು ದಿಕ್ಕಿನಿಂದ, ಬಂದಿದ್ದನು. ತಿರುಗಬೇಕಾದ ಹಳ್ಳ ಸಿಗಲಿಲ್ಲ. ಅದನ್ನು ಹುಡುಕುತ್ತ ದಿನಗಳು ಕಳೆದವು. ಹಿಂತಿರುಗದೆ ಗತಿಯಿಲ್ಲವೆಂದು ಫಿಟ್ಸ್‌ಜೆರಾಲ್ಡ್ ದಿನಚರಿಯಲ್ಲಿ ಬರೆದದ್ದು ಜನವರಿ 17ರಂದು. ಅಷ್ಟರಲ್ಲಿ ಕಾಲ ಮೀರಿತ್ತು. ತಮ್ಮ ನಾಯಿಗಳನ್ನೇ ಒಂದೊಂದಾಗಿ ಕೊಂದು ತಿಂದರೂ ನಾಲ್ವರೂ ಫೋರ್ಟ್ ಮೆಕ್‌ಫರ್ಸನ್ನಿಗೆ ಎರಡು ಮೂರು ದಿನಗಳ ದಾರಿಯಿರುವಾಗ ಅಸುನೀಗಿದರು. ಅವರನ್ನು ಹುಡುಕಲು ಫೆಬ್ರವರಿ ಕೊನೆಯಲ್ಲಿ ಡಾಸನ್ನಿನಿಂದ ಹೊರಟವನು ಡೆಂಪ್‌ಸ್ಟರ್. ಅವನು ಚಾರ್ಲ್ಸ್ ಸ್ಟುವರ್ಟ್ ಎಂಬ ಗ್ವಿಚಿನ್ ಮಾರ್ಗದರ್ಶಿಯನ್ನು ಕರೆದೊಯ್ದನು. ಮಾರ್ಚಿಯಲ್ಲಿ ಶವಗಳನ್ನು ಕಂಡನು. ರಸ್ತೆಗೆ ಈಗ ಡೆಂಪ್‌ಸ್ಟರನ ಹೆಸರಿದೆ. ಅವನಿಗೆ ದಾರಿ ತೋರಿದವನ ಹೆಸರನ್ನು ಹುಡುಕಿ ಓದಬೇಕು.

ನಮ್ಮ ಸಂಕಟವನ್ನು ಅವರ ಮರಣಕ್ಕೆ ಹೋಲಿಸಿದರೆ ನಗೆಪಾಟಲಾದೀತು. ಜುಲೈ ತಿಂಗಳ ಬೆಳಕಿನಲ್ಲಿ, ದಿನಕ್ಕೆ ಹತ್ತಾರು ವಾಹನಗಳು ಓಡುವ ರಸ್ತೆಯಲ್ಲಿ ನಾವು ಸಾಯುತ್ತಿರಲಿಲ್ಲ. ಆದರೂ ಆ ದಿನಚರಿಯ ದಿನಾಂಕ ನನ್ನನ್ನು ಬಿಡಲಿಲ್ಲ. ಹಿಂತಿರುಗಬೇಕೆಂದು ಅವನಿಗೆ ಹೊಳೆದದ್ದು ಅಂದೇ ಇರಲಾರದು. ಬರೆಯಲು ಮನಸ್ಸು ಒಪ್ಪಿದ್ದು ಅಂದು. ನಾನು ಒಳಗೆ ಹೋಗಿ, "ನೀನು ಹೇಳಿದಂತೆಯೇ ಆಗಲಿ," ಎಂದೆ. ಆಕೆ ಗೆದ್ದವಳಂತೆ ನಗಲಿಲ್ಲ. ಫ್ಲಾಸ್ಕಿಗೆ ಕಾಫಿ ತುಂಬಿಸಿದಳು.

ಧ್ರುವವೃತ್ತದ ಫಲಕದ ಬಳಿ ಗಾಳಿ ಬಲವಾಗಿತ್ತು. ಉತ್ತರಕ್ಕೆ ರಸ್ತೆ ರಿಚರ್ಡ್‌ಸನ್ ಬೆಟ್ಟಗಳೊಳಗೆ ಹೊಕ್ಕು ಮರೆಯಾಗುತ್ತಿತ್ತು. ನಾನು ಅದನ್ನು ಬಹಳ ಹೊತ್ತು ನೋಡಿದೆ. ಹಿಂದಿರುಗುವಾಗ ಟಯರುಗಳಿಗೆ ಏನೂ ಆಗಲಿಲ್ಲ. ಮುಂದೆ ಹೋಗಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಈ ಮಾತನ್ನು ನಾನು ಈಗಲೂ ಆಗಾಗ ಎತ್ತುತ್ತೇನೆ, ಆಕೆ ಉತ್ತರಿಸುವುದಿಲ್ಲ. ಅಂದು ಫಲಕದ ಪಕ್ಕದಲ್ಲಿ ಕುಳಿತು ಆಕೆ ಪಾಚಿಯೊಳಗೆ ಬೆರಳೂರಿ, "ಇಲ್ಲಿ ಮುಟ್ಟಿ ನೋಡಿ," ಎಂದಿದ್ದಳು. ಮೇಲೆ ಬಿಸಿಲಿಗೆ ಬೆಚ್ಚಗಿದ್ದ ಪಾಚಿ ಒಂದು ಗೇಣಿನಷ್ಟು ಒಳಗೆ ಕೈ ಮರಗಟ್ಟುವಷ್ಟು ತಣ್ಣಗಿತ್ತು.